ಇಲ್ಲದ ಮಗುವಿನ ಬಾಣಂತನ

ಇವತ್ತು ಬೆಳಿಗ್ಗೆ ಜಯನಗರದ ಗ್ರಂಥಿಗೆ ಅಂಗಡಿಯಲ್ಲಿ ಒಣಮೆಣಸಿನಕಾಯಿಗೆ ಕಾಯುತ್ತಿದ್ದೆ. ಅಂಗಡಿಯವನು ಯಾರಿಗೋ ಒಣಶುಂಠಿ, ಹಿಪ್ಪಲಿ, ಓಮ ಕಟ್ಟುತ್ತಿದ್ದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಒಬ್ಬನೇ ನಗತೊಡಗಿದೆ. ಪಕ್ಕದಲ್ಲಿದ್ದ ಹೆಂಗಸು ಚೀಲ ಎತ್ತಿಕೊಂಡು ಆಚೆ ಸರಿದರು. ಅವರ ತಪ್ಪಿಲ್ಲ. ಅದು ಬಾಣಂತಿ ಲೇಹ್ಯದ ವಾಸನೆ. ಡಬ್ಬದ ತುಂಬ ಬಾಣಂತಿ ಲೇಹ್ಯ ತಿಂದು ಮುಗಿಸಿದ ಗಂಡಸು ಈ ಕಡೆಯ ಬಡಾವಣೆಗಳಲ್ಲೆಲ್ಲ ನಾನೊಬ್ಬನೇ ಇರಬೇಕು.

ಹೇಗೆಂದು ಹೇಳುತ್ತೇನೆ ಕೇಳಿ. ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಮೊದಲಿನಿಂದಲೂ ನಮ್ಮ ಜೊತೆಗೇ ಇದ್ದಾಳೆ. ಉತ್ತರಹಳ್ಳಿಯಲ್ಲಿ ನಾವು ಬಾಡಿಗೆಗಿರುವ ಮಹಡಿ ಮನೆಯ ವರಾಂಡದಲ್ಲಿ ಹೊಲಿಗೆ ಮಷಿನ್ನು ಹಾಕಿಕೊಂಡು ಬೀದಿಯವರ ಸೀರೆಗಳಿಗೆಲ್ಲ ಫಾಲ್ಸ್ ಹಚ್ಚುತ್ತಾಳೆ. ಕೆಲವು ವರ್ಷಗಳ ಹಿಂದೆ ಅವಳಿಗೆ ಯಾರೂ ಇಲ್ಲದ ಕಡೆಯಿಂದ ಮಾತು ಕೇಳಿಸತೊಡಗಿತು. ನಿದ್ದೆ ಹೋಯಿತು, ಊಟ ಹೋಯಿತು, ಕೊನೆಗೆ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಕೆಳಗಿನ ಮನೆಯಲ್ಲಿರುವ ಓನರ್ ಜಯಮ್ಮ, "ಎಲ್ಲಿ ನಿಮ್ ತಂಗಿ, ಕಾಣಾಕೇ ಇಲ್ಲ?" ಎಂದಾಗ ಅಮ್ಮನಿಗೆ ತಟ್ಟನೆ ಹೊಳೆದದ್ದು, "ದಾವಣಗೆರೆಗೆ ಹೋಗಿದಾಳೆ, ನಮ್ಮಣ್ಣನ ಮಗಳ ಬಾಣಂತನಕ್ಕೆ." ನಮ್ಮಂಥ ಮನೆಗಳಲ್ಲಿ ಹೆಂಗಸೊಬ್ಬಳು ತಿಂಗಳುಗಟ್ಟಲೆ ಕಾಣದಿರುವುದಕ್ಕೆ ಅದಕ್ಕಿಂತ ಮರ್ಯಾದಸ್ಥ ಕಾರಣ ಇನ್ನೊಂದಿಲ್ಲ.

ಆದರೆ ಜಯಮ್ಮ ಬಾಣಂತನ ಎಂದು ಕೇಳಿ ಸುಮ್ಮನಿರುವ ಪೈಕಿಯಲ್ಲ. ನಮ್ಮ ಬೀದಿ ಅವರ ರಾಗಿ ಹೊಲವಾಗಿದ್ದ ಕಾಲದಿಂದ ಊರಿನ ಬಾಣಂತಿಯರಿಗೆಲ್ಲ ಲೇಹ್ಯ ಅವರದೇ. ದೊಡ್ಡ ಡಬ್ಬ ಹೊತ್ತು ಮೆಟ್ಟಿಲು ಹತ್ತಿ ಬಂದರು. "ಆ ಕಡೆ ಯಾರಾದ್ರೂ ಹೋಗೋರಿದ್ರೆ ಕಳ್ಸಿ. ಕೂಸಿಗೆ ಹಾಲು ಚೆನ್ನಾಗಾಯ್ತದೆ." ತುಪ್ಪ ಸುರಿದು ಮಾಡಿದ್ದನ್ನು ಎಸೆಯುವುದುಂಟೇ? ಅಮ್ಮ ದಿನವೂ ಬೆಳಿಗ್ಗೆ ನನಗೊಂದು ಉಂಡೆ ಕೊಡತೊಡಗಿದಳು. ನನ್ನ ಪ್ಯಾಂಟುಗಳು ಆಗ ಕೈಕೊಟ್ಟದ್ದು ಇಂದಿಗೂ ಸುಧಾರಿಸಿಲ್ಲ.

ಮನೆಗೆ ಕಳಿಸುವ ಮುಂಚೆ ಎಲ್ಲರನ್ನೂ ಕೂರಿಸಿಕೊಂಡು ಮಾತಾಡುವುದು ಆ ಆಸ್ಪತ್ರೆಯ ಪದ್ಧತಿ. ಸೋಷಿಯಲ್ ವರ್ಕರ್ ಮೇಡಂ ಒಂದೊಂದಾಗಿ ಕೇಳಿದರು: ಮಾತ್ರೆ ಯಾರು ನೋಡಿಕೊಳ್ಳುತ್ತೀರಿ, ತಿಂಗಳು ತಿಂಗಳು ಬನಶಂಕರಿಯ ಕ್ಲಿನಿಕ್ಕಿಗೆ ಜೊತೆಗೆ ಯಾರು, ನಿದ್ದೆ ಕೆಟ್ಟರೆ ಯಾರಿಗೆ ಫೋನು. ನಾನು ಮೊದಲ ಬೆಂಚಿನ ಹುಡುಗನಂತೆ ಪಟಪಟ ಉತ್ತರ ಕೊಟ್ಟೆ. ಆಮೇಲೆ ಅವರು ಚಿಕ್ಕಮ್ಮನ ಕಡೆ ತಿರುಗಿದರು.

"ಮನೆಗೆ ಹೋಗೋಕೆ ನಿಮಗೇನಾದ್ರೂ ಭಯ ಇದ್ಯಾ?"

"ಮಗು ವಿಷಯ ಕೇಳಿದ್ರೆ ಏನ್ ಹೇಳ್ಲಿ ಅಂತ," ಎಂದಳು ಚಿಕ್ಕಮ್ಮ.

"ಯಾವ ಮಗು?"

"ಇಲ್ದೇ ಇರೋ ಮಗು."

ಮೇಡಂ ಪೆನ್ನು ಕೆಳಗಿಟ್ಟರು. ಇವಳಿನ್ನೂ ಹುಷಾರಾಗಿಲ್ಲ ಎಂದುಕೊಂಡರೇನೋ ಎಂದು ನನಗೆ ಗಾಬರಿ. ಅಮ್ಮ ಸೆರಗು ತಿರುಚುತ್ತ ಎಲ್ಲವನ್ನೂ ಒಪ್ಪಿಸಿದಳು, ಮನೆಗೆ ಬಂದ ಮೇಲೆ ಹಾಗೇ ಹೇಳು ಎಂದು ಚಿಕ್ಕಮ್ಮನಿಗೂ ಕಲಿಸಿಕೊಟ್ಟದ್ದನ್ನು ಸೇರಿಸಿ, ಲೇಹ್ಯ ಸಮೇತ. ಮೇಡಂ ತುಟಿ ಕಚ್ಚಿ ನಗು ತಡೆದರು. ಚಿಕ್ಕಮ್ಮ ಮಾತ್ರ ನಗಲಿಲ್ಲ.

"ಅಕ್ಕಾ, ಇಲ್ದಿರೋದನ್ನ ಇಲ್ಲ ಅಂತ ತಿಳ್ಕೊಳ್ಳೋಕೆ ನಂಗೆ ಇಷ್ಟು ದಿನ ಹಿಡೀತು. ಈಗ ಬಂದು ಇಲ್ದಿರೋ ಮಗೂಗೆ ಹೆಸರಿಡ್ಲಾ? ಹಾಗಿದ್ರೆ ನಾನು ಇಲ್ಲೇ ಇರ್ತೀನಿ."

ಅಮ್ಮ ಅತ್ತೇಬಿಟ್ಟಳು. "ಜಯಮ್ಮ ಮನೆ ಖಾಲಿ ಮಾಡಿ ಅಂದ್ರೆ ಏನೇ ಮಾಡೋದು?" ನನಗೂ ಅದೇ ದಿಗಿಲು. ಮೇಡಂ ಉಪದೇಶವೇನೂ ಮಾಡಲಿಲ್ಲ. "ಸರಿ, ಯಾರು ಹೇಳ್ತೀರ?" ಎಂದಷ್ಟೇ ಕೇಳಿದರು.

"ನಾನೇ," ಎಂದಳು ಚಿಕ್ಕಮ್ಮ.

ಆಟೋ ಇಳಿಯುವಾಗ ಜಯಮ್ಮ ಗೇಟಿನಲ್ಲೇ ಇದ್ದರು. "ಬಂದ್ಯೇನವ್ವ! ಕೂಸು ಹೆಂಗೈತೆ?"

"ಕೂಸು ಇಲ್ಲ ಜಯಮ್ಮನೋರೆ. ನಾನು ಮಾನಸಿಕ ಆಸ್ಪತ್ರೇಲಿದ್ದೆ. ಯಾರೋ ಮಾತಾಡಿದ ಹಾಗೆ ಕೇಳಿಸ್ತಿತ್ತು. ಈಗ ಕಮ್ಮಿಯಾಗಿದೆ, ಮಾತ್ರೆ ತಗೋತಿದೀನಿ."

ಜಯಮ್ಮ ಅವಳನ್ನೇ ನೋಡಿದರು. ಅಮ್ಮನನ್ನು ನೋಡಿದರು. ಅಮ್ಮ ಆಟೋದ ಮೀಟರು ನೋಡುತ್ತಿದ್ದಳು.

"ಅಂಗಾರೆ ನನ್ ಲೇಹ್ಯ ಯಾರು ತಿಂದ್ರು?"

ಎಲ್ಲರೂ ನನ್ನ ಹೊಟ್ಟೆಯ ಕಡೆ ತಿರುಗಿದರು. ಮೊದಲು ನಕ್ಕವಳು ಚಿಕ್ಕಮ್ಮ. ಎಷ್ಟೋ ಕಾಲದ ಮೇಲೆ ಆ ನಗು ಕೇಳಿ ನನಗೆ ಕಣ್ಣು ತುಂಬಿ ಬಂತು.

ಬೀದಿಯೇನೂ ಅವಳನ್ನು ಹಾರ ಹಾಕಿ ಬರಮಾಡಿಕೊಳ್ಳಲಿಲ್ಲ. ಮೂಲೆಮನೆಯವರು ಸೀರೆ ಕೊಡುವುದನ್ನು ನಿಲ್ಲಿಸಿದರು. ಜಯಮ್ಮ ಕೋಣನಕುಂಟೆಯ ನೆಂಟರ ಸೀರೆಗಳನ್ನೆಲ್ಲ ತಂದು ವರಾಂಡದಲ್ಲಿ ಸುರಿದರು. ಅಮ್ಮ ಮಾತ್ರ ಇವತ್ತಿಗೂ ಕ್ಲಿನಿಕ್ಕಿಗೆ "ಕಣ್ಣಿನ ಡಾಕ್ಟ್ರು" ಎನ್ನುತ್ತಾಳೆ.

ಮೆಣಸಿನಕಾಯಿ ಕೈಗೆ ಬರುವಷ್ಟರಲ್ಲಿ ಫೋನು ಬಂತು. ಚಿಕ್ಕಮ್ಮ.

"ಲೋ, ನಿನ್ನೆಯಿಂದ ಮತ್ತೆ ಸ್ವಲ್ಪ ಕೇಳಿಸ್ತಿತ್ತು. ಬೆಳಿಗ್ಗೆ ಜಯಮ್ಮನೋರಿಗೆ ಹೇಳ್ದೆ, 'ನಡಿ ಮತ್ತೆ' ಅಂತ ಚಪ್ಪಲಿ ಮೆಟ್ಕೊಂಡ್ರು. ಕ್ಲಿನಿಕ್ಕಲ್ಲಿ ತೋರಿಸ್ದೆ, ಮಾತ್ರೆ ಸ್ವಲ್ಪ ಜಾಸ್ತಿ ಮಾಡಿದಾರೆ. ದೋಸೆ ತಿಂದ್ಕೊಂಡು ಬರ್ತೀವಿ."

ಮೊದಲು ಹೆದರಿಕೆಯಾಯಿತು. ಆಮೇಲೆ ಸಮಾಧಾನವಾಯಿತು. ಅಂದು ನಮಗೆ ತಿಳಿಯುವುದಕ್ಕೇ ತಿಂಗಳುಗಳು ಹಿಡಿದಿದ್ದವು. ಇವತ್ತು ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವಳೇ ಹೋಗಿ ತೋರಿಸಿಕೊಂಡು ದೋಸೆಗೆ ಹೊರಟಿದ್ದಾಳೆ.

"ಅಮ್ಮ ಕೇಳಿದ್ರೆ ಏನ್ ಹೇಳ್ಲಿ?" ಎಂದೆ.

"ಇದ್ದಿದ್ದು ಹೇಳೋ," ಎಂದು ಫೋನಿಟ್ಟಳು.