ನನ್ನ ಎದೆಯಲ್ಲಿ ತಂಗಿಯ ಸಿಳ್ಳು

ತಂಗಿ ನಿಂಗಿಯನ್ನು ಮೂರನೆಯ ಸಲ ಹೈದರಾಬಾದಿನ ದವಾಖಾನೆಗೆ ಕರೆದುಕೊಂಡು ಹೋಗಬೇಕಾಗಿದ್ದವನು ನಾನು. ಹೋಗಲಿಲ್ಲ. ಮುಂದೆ ಹೇಳುವುದನ್ನು ನೀವು ನಂಬದಿದ್ದರೂ ಇದನ್ನು ಮಾತ್ರ ನಂಬಬೇಕು. ಶಾಪ ತಟ್ಟಿತು, ಗಾಳಿ ಸೋಂಕಿತು ಎನ್ನುವವರನ್ನು ಕಂಡು ನಾನೂ ನಗುತ್ತಿದ್ದವನೇ. ಓದಿದ್ದು ಏಳನೆಯ ತರಗತಿಯಾದರೂ ಅಂಥ ಮಾತಿಗೆ ಕಿವಿ ಕೊಟ್ಟವನಲ್ಲ.

ನಿಂಗಿಗೆ ಆಗ ಹತ್ತು ವರ್ಷ. ಕ್ಷಯ ಅವಳ ಶ್ವಾಸನಾಳಕ್ಕೆ ಹತ್ತಿತ್ತು. ಉಸಿರೆಳೆದರೆ ಎಡ ಎದೆಯಿಂದ ಸಣ್ಣ ಸಿಳ್ಳು ಕೇಳುತ್ತಿತ್ತು. ಶಹಾಪುರದಿಂದ ಯಾದಗಿರಿಗೆ ಬಸ್ಸು, ಅಲ್ಲಿಂದ ರೈಲು. ಡಾಕ್ಟರು ಅವಳಿಗೆ ಮತ್ತು ಬರಿಸಿ, ತುದಿಯಲ್ಲಿ ದೀಪವಿದ್ದ ತೆಳು ಕೊಳವೆಯನ್ನು ಗಂಟಲಿಂದ ಇಳಿಸಿ, ಮುಚ್ಚಿಕೊಳ್ಳುತ್ತಿದ್ದ ದಾರಿಯನ್ನು ಒಳಗೇ ಸಣ್ಣ ಬಲೂನು ಉಬ್ಬಿಸಿ ಅಗಲ ಮಾಡಿದರು. ಗುಳಿಗೆ ಬಿಡಬಾರದು, ಹೇಳಿದ ದಿನ ತಪ್ಪದೆ ಬರಬೇಕು, ಗಾಯ ಮಾಯುವಾಗ ದಾರಿ ಮತ್ತೆ ಕೂಡಿಕೊಳ್ಳುತ್ತದೆ ಎಂದರು. ಎರಡನೆಯ ಸಲ ಮಾಡಿಸಿದ ಮೇಲೆ ಸಿಳ್ಳು ನಿಂತಿತು. ಹುಡುಗಿ ಓಣಿಯಲ್ಲಿ ಓಡತೊಡಗಿದಳು.

ಮೂರನೆಯ ಸಲ ಹೋಗಬೇಕಾದ ದಿನವೇ ನಮ್ಮ ಹೊಲಕ್ಕೆ ಕಾಲುವೆ ನೀರಿನ ಪಾಳಿ ಬಂತು. ನಮ್ಮದು ಕಟ್ಟಕಡೆಯ ಹೊಲ. ಪಾಳಿಯ ದಿನ ತೂಬಿನ ಹತ್ತಿರ ನಿಲ್ಲದಿದ್ದರೆ ಮೇಲಿನವರು ಮಣ್ಣು ಒಟ್ಟಿ ನೀರು ತಿರುಗಿಸಿಕೊಳ್ಳುತ್ತಾರೆ. ಭತ್ತದ ಸಸಿ ಹಚ್ಚಿ ಆಗಿತ್ತು. ಮನೆಯಲ್ಲಿ ಹೈದರಾಬಾದಿನ ದಾರಿ ಗೊತ್ತಿದ್ದವನು ನಾನೊಬ್ಬನೇ. "ಡಾಕ್ಟ್ರು ಫೋನ್ ಮಾಡಿದ್ರವ್ವ. ಆರಾಮ ಆಗ್ಯಾಳ, ಇನ್ನ ಬರೋದು ಬ್ಯಾಡ ಅಂದ್ರು" ಎಂದು ಸುಳ್ಳು ಹೇಳಿದೆ.

ಕೆಲವು ವಾರಕ್ಕೆ ಸಿಳ್ಳು ಮರಳಿತು. ಆಮೇಲೆ ಅದೂ ಕೇಳದಾಯಿತು. ಓಡಿಹೋಗಿ ತೋರಿಸಿದಾಗ, ಎಡಗಡೆಯ ದಾರಿ ಪೂರ್ತಿ ಮುಚ್ಚಿದೆ, ಆ ಶ್ವಾಸಕೋಶ ಇನ್ನು ಕೆಲಸಕ್ಕೆ ಬಾರದು ಎಂದರು. ಇಷ್ಟು ದಿನ ಎಲ್ಲಿದ್ದಿರಿ ಎಂದು ಬೈದರು. ಅವ್ವ ಹೊರಗೆ ಕೂತಿದ್ದಳು, ಅವಳಿಗೆ ಕೇಳಿಸಲಿಲ್ಲ.

ಅಂದಿನಿಂದ ಅವ್ವ ರೊಟ್ಟಿ ಬಡಿಯುತ್ತಲೇ ಶಪಿಸುತ್ತಿದ್ದಳು: "ಆ ಡಾಕ್ಟ್ರನ ಕೈ ಸೇದಿ ಹೋಗ್ಲಿ! ಬರೋದು ಬ್ಯಾಡ ಅಂತ ಯಾಕಂದ?" ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ.

ಒಂದು ದಿನ ನಿಂಗಿ ನನ್ನೆದುರು ಬಂದು ಕೂತಳು. "ಅಣ್ಣಾ, ಆವತ್ತು ದಿನಾ ಪೂರ್ತಿ ಫೋನು ನನ್ನ ಕೈಯಾಗಿತ್ತು. ಯಾರೂ ಮಾಡಿಲ್ಲ. ಅವ್ವಗ ನಾ ಹೇಳಂಗಿಲ್ಲ, ನೀನ ಹೇಳ್ಬೇಕು. ಹೇಳೋತನಕ ನಿನ್ನ ಬಿಡಂಗಿಲ್ಲ, ನೋಡ್ಕೊ."

ಹತ್ತು ವರ್ಷದ ಕಣ್ಣಲ್ಲಿ ಅಂಥ ಹಗೆಯನ್ನು ನಾನು ಕಂಡಿರಲಿಲ್ಲ. ನನ್ನ ಕೈಯಿಂದ ಒಂದು ಲೋಟ ಚಹಾ ಸಹ ತಗೊಳ್ಳದಾದಳು. ನಾನು ಉಣ್ಣುವಾಗಲೆಲ್ಲ ಎದುರಿಗೆ ಕೂತು, ಅರ್ಧ ಉಸಿರು ಎಳೆದುಕೊಂಡು, ಸುಮ್ಮನೆ ನೋಡುತ್ತಿದ್ದಳು.

ಹೀಗಿರುವಾಗ ಮತ್ತೊಂದು ಪಾಳಿಯ ದಿನ. ನಡುಮಧ್ಯಾಹ್ನ ಸಲಿಕೆ ಹಿಡಿದು ತೂಬಿನ ಮೇಲೆ ನಿಂತಿದ್ದೆ. ಉಸಿರೆಳೆದೆ, ಸಿಳ್ಳು ಕೇಳಿತು. ಮತ್ತೆ ಎಳೆದೆ, ಮತ್ತೆ ಕೇಳಿತು. ಮೇಲಿನ ಹೊಲದ ಸಾಬಣ್ಣ ನಕ್ಕ. "ಏನಲೇ, ಎದ್ಯಾಗ ಪೀಪಿ ಇಟ್ಕೊಂಡೀ ಏನು?" ಮರುಕ್ಷಣ ಅವನ ನಗು ನಿಂತಿತು. ನನ್ನ ಬೆನ್ನ ಹಿಂದೆ ಹಣಿಕಿ ನೋಡಿದ. "ನಿನ್ನ ತಂಗಿ ಬಂದಾಳೇನು? ಇದು ಆಕಿ ಸಪ್ಪಳ ಅಲ್ಲೇನೋ?"

ಅಷ್ಟರಲ್ಲಿ ನನ್ನ ಎಡ ಎದೆ ಮುಚ್ಚಿಕೊಂಡಿತು. ಒಳಗಿಂದ ಯಾರೋ ಅದುಮಿ ಹಿಡಿದ ಹಾಗೆ. ಸಾಬಣ್ಣ ಗಾಡಿಯ ಮೇಲೆ ಕೂರಿಸಿಕೊಂಡು ಮನೆಗೆ ತಂದ.

ಅವ್ವ ಎದುರು ಓಡಿಬಂದಳು. "ಏನಾತೋ ನಿನಗ? ಈಗ ಈಕಿ 'ಅಣ್ಣಗ ಹತ್ತಿತು' ಅಂತ ಒಬ್ಬಾಕಿನ ನಗಾಕತ್ತಿದ್ಲು!" ನಿಂಗಿ ಕಟ್ಟೆಯ ಮೇಲೆ ಕೂತು, ಎಷ್ಟೋ ದಿನಗಳಿಂದ ಎಳೆಯಲಾಗದಿದ್ದಂಥ ಉದ್ದ ಉಸಿರು ಎಳೆಯುತ್ತಿದ್ದಳು.

ಆಮೇಲೆ ಯಾದಗಿರಿಯಲ್ಲಿ ನನ್ನ ಎದೆಯ ಫೋಟೋ ತೆಗೆಸಿದರೆ ಏನೂ ಇರಲಿಲ್ಲ. ಮನಸ್ಸಿನ ಅಂಜಿಕೆ ಎಂದರು. ಇರಬಹುದು. ನನ್ನ ಅಂಜಿಕೆಯ ಸದ್ದು ಸಾಬಣ್ಣನ ಕಿವಿಗೆ ಹೇಗೆ ಬಿತ್ತು? ಮನೆಯಲ್ಲಿದ್ದವಳಿಗೆ ಹೇಗೆ ತಿಳಿಯಿತು? ಈಗ ರಂಗಂಪೇಟೆಯಲ್ಲಿ ಸಂಸಾರ ಮಾಡಿಕೊಂಡಿರುವ ನಿಂಗಿಯನ್ನು ಕೇಳಿದರೆ ನೆನಪಿಲ್ಲ ಎನ್ನುತ್ತಾಳೆ. ಖರೆಯೋ, ಇನ್ನೂ ಸೇಡು ತೀರಿಲ್ಲವೋ, ನನಗೆ ಗೊತ್ತಾಗಿಲ್ಲ.

ಆ ಮಧ್ಯಾಹ್ನ ಅವ್ವ ನನ್ನ ಎದೆ ತಿಕ್ಕುತ್ತ ಮತ್ತೆ ಆ ಡಾಕ್ಟರನ್ನೇ ಶಪಿಸತೊಡಗಿದಳು, ಇಬ್ಬರು ಮಕ್ಕಳನ್ನೂ ಅವನೇ ತಿಂದ ಎಂದು. ನಿಂಗಿ ನನ್ನನ್ನೇ ನೋಡುತ್ತಿದ್ದಳು. ಸಿಕ್ಕಷ್ಟು ಉಸಿರಿನಲ್ಲಿ ಹೇಳಿದೆ:

"ಅವರಿಗಿ ಬೈಬ್ಯಾಡವ್ವ. ಫೋನ ಬಂದಿದ್ದಿಲ್ಲ. ನೀರಿನ ಸಲುವಾಗಿ ನಾ ಸುಳ್ಳು ಹೇಳೀನಿ. ನಿಂಗೀ, ನಂದ ತಪ್ಪದ. ತಪ್ಪಾತವ್ವ ತಂಗೀ."