ಪಿಸ್ತೂಲು ಆರಿಸಿಕೊಟ್ಟ ಮೇಸ್ತ್ರಿ

ಬಂದೂಕು ಮೇಸ್ತ್ರಿಯ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿದ್ದ ಜಾಗದಲ್ಲಿ ಹುಣಸೆಬೀಜದಂತೆ ನುಣುಪಾದ ಕಪ್ಪು ಚರ್ಮ. ಯಾವ ಕೋವಿ ಕೈಗೆ ಬಂದರೂ ಮೊದಲು ಆ ಬೆರಳನ್ನು ಅದರ ಮೈಮೇಲೆ ಆಡಿಸಿ, ಕಣ್ಣು ಮುಚ್ಚಿ, ನಾಡಿ ಹಿಡಿದ ಪಂಡಿತರಂತೆ ಸುಮ್ಮನೆ ಕೂರುತ್ತಿದ್ದರು. ಎದುರಿಗೆ ಕೂತವನಿಗೆ ಮೈ ಪರಚಿಕೊಳ್ಳುವಷ್ಟು ಬೇಸರ. ಅವರಿಗೆ ಅದರ ಪರಿವೆಯೇ ಇಲ್ಲ.

ಅವರ ಬಗ್ಗೆ ಬರೆಯಬೇಕೆಂದುಕೊಂಡು ನಾಲ್ಕು ವರ್ಷವಾಯಿತು. ಪ್ರತಿ ಸಲ ಒಂದು ನೆಪ. ಕನ್ನಡಕ ಸರಿಯಿಲ್ಲ, ಮಂಡಿನೋವು, ಮನೆಗೆ ನೆಂಟರು. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಬರೆಯಲು ಬರುವುದಿಲ್ಲ ಎಂಬ ನೆಪವೂ ಇತ್ತು. ಆದರೆ ಪೊಲೀಸ್ ಠಾಣೆಯಲ್ಲಿ ಸುಳ್ಳು ಹೇಳಿಕೆ ಬರೆದುಕೊಟ್ಟ ದಿನ ನನ್ನ ಕೈ ಒಂದು ಅಕ್ಷರವನ್ನೂ ತಪ್ಪಿರಲಿಲ್ಲ.

ಕೆಜಿಎಫ್‌ನಲ್ಲಿ ಗಣಿ ನಡೆಯುತ್ತಿದ್ದಾಗ ಮೇಸ್ತ್ರಿ ಕಾವಲಿನವರ ಬಂದೂಕುಗಳನ್ನು ನೋಡಿಕೊಳ್ಳುತ್ತಿದ್ದರು. ಗಣಿ ಮುಚ್ಚಿದ ಮೇಲೆ ಬಂಗಾರಪೇಟೆಯಲ್ಲಿ ಒಂದೇ ಬಾಗಿಲಿನ ಅಂಗಡಿ ಹಾಕಿದರು. ಬಂದೂಕು ರಿಪೇರಿಗೆ ಸರ್ಕಾರದ ಲೈಸೆನ್ಸ್ ಇದ್ದವರು ಸುತ್ತಮುತ್ತ ಅವರೊಬ್ಬರೇ. ಬೂದಿಕೋಟೆ ಕಡೆಯ ರೈತರು ಹಂದಿ ಓಡಿಸುವ ಕೋವಿಗಳನ್ನು ಗೋಣಿಯಲ್ಲಿ ಸುತ್ತಿ ತಂದರೆ, ರಿಪೇರಿಗಿಂತ ಬೈಗುಳ ಮೊದಲು ಸಿಗುತ್ತಿತ್ತು. "ಎಂಡ್ತಿ ಸೀರೇನ ಇಂಗೇ ಮೂಲೇಲಿ ಎಸೀತೀಯೇನ್ಲಾ? ತುಕ್ಕು ನೋಡು, ಕೆರ್ಕೊಂಡು ತಿನ್ನಂಗೈತೆ!"

ಕಾಮಸಮುದ್ರದ ಹತ್ತಿರ ನನ್ನದೊಂದು ಕಲ್ಲಿನ ಕ್ವಾರಿ ಇತ್ತು. ಒಂದು ಸಂಜೆ ದಾರಿಯಲ್ಲಿ ಇಬ್ಬರು ಬೈಕಿಗೆ ಅಡ್ಡ ನಿಂತು ಮಚ್ಚು ತೋರಿಸಿದರು. ಹೇಗೋ ತಪ್ಪಿಸಿಕೊಂಡು ಬಂದೆ. ಆಮೇಲೆ ವರ್ಷಗಟ್ಟಲೆ ಕಚೇರಿ ಅಲೆದು ಪಿಸ್ತೂಲಿಗೆ ಲೈಸೆನ್ಸ್ ಮಾಡಿಸಿದೆ. ಅದು ಕೈಗೆ ಬಂದ ದಿನವೇ ಮೇಸ್ತ್ರಿಯ ಅಂಗಡಿಗೆ ಹೋದೆ.

"ನಾಳೇನೇ ಬೆಂಗ್ಳೂರಿಗೆ ಓಗಿ ಬರಣ ಮೇಸ್ತ್ರಿ. ಶರ್ಟಿನೊಳ್ಗೆ ಇದ್ರೂ ಯಾರ್ಗೂ ಕಾಣಬಾರ್ದು. ಅಂಗೈಯಾಗೆ ಅಡಗೋ ಅಂಥದ್ದೊಂದು ಕೊಡ್ಸಿ."

"ಅಂಗೈಯಾಗೆ ಅಡಗೋದು ಬೇಕಾದ್ರೆ ನಶ್ಯದ ಡಬ್ಬಿ ತಗೋ," ಎಂದರು.

ಬೆಂಗಳೂರಿಗೆ ಹೋದದ್ದು ಒಂದು ತಿಂಗಳ ಮೇಲೆ. ಅಷ್ಟರೊಳಗೆ ಅವರು ನನಗೆ ಕೊಟ್ಟ ಕಾಟ ಶತ್ರುವಿಗೂ ಬೇಡ. ಮರದ ಮೂರು ತುಂಡುಗಳನ್ನು ಮೂರು ಅಳತೆಯ ಪಿಸ್ತೂಲಿನ ಆಕಾರಕ್ಕೆ ಕೆತ್ತಿ, ತೂಕ ಸರಿಹೋಗಲೆಂದು ಒಳಗೆ ಕೊರೆದು ಸೀಸ ತುಂಬಿದರು. ಒಂದೊಂದನ್ನೂ ಒಂದೊಂದು ವಾರ ಸೊಂಟದ ಒರೆಯಲ್ಲಿ ಸಿಕ್ಕಿಸಿಕೊಂಡು ತಿರುಗಬೇಕಂತೆ! ಬಸ್ಸಿಗೆ ಹತ್ತಬೇಕು, ಇಳಿಯಬೇಕು, ನೆಲದ ಮೇಲೆ ಕೂತು ಏಳಬೇಕು. ದೊಡ್ಡ ತುಂಡು ಕಟ್ಟಿಕೊಂಡ ವಾರ ಭಾವಮೈದುನನ ಮನೆಯ ಗೃಹಪ್ರವೇಶ. ಚಕ್ಕಳಮಕ್ಕಳ ಹಾಕಿ ಪಂಕ್ತಿಯಲ್ಲಿ ಕೂತರೆ ಅದು ಹೊಟ್ಟೆಗೆ ಒತ್ತಿ ಎರಡನೆಯ ಹೋಳಿಗೆ ಇಳಿಯಲಿಲ್ಲ.

"ಸೌದೆ ಕಟ್ಕೊಂಡು ಊಟಕ್ಕೆ ಬತ್ತಾರೇನ್ರೀ ಯಾರಾದ್ರೂ?" ಎಂದು ನನ್ನ ಹೆಂಡತಿ ಕಿವಿಯಲ್ಲಿ ಗೊಣಗಿದಳು.

ಚಿಕ್ಕ ತುಂಡಿನ ವಾರ ನನಗೆ ಹಬ್ಬ. ಇದ್ದದ್ದೇ ಗೊತ್ತಾಗಲಿಲ್ಲ. ಇದೇ ಇರಲಿ ಎಂದು ಅಂಗಡಿಗೆ ಓಡಿದೆ. ಮೇಸ್ತ್ರಿ ಅದನ್ನು ನನ್ನ ಮುಷ್ಟಿಗೆ ಕೊಟ್ಟರು.

"ಕಿರುಬೆರಳು ಎಲ್ಲೈತೆ ನೋಡು."

ಹಿಡಿ ಸಾಲದೆ ಕಿರುಬೆರಳು ಕೆಳಗೆ ಗಾಳಿಯಲ್ಲಿ ತೂಗುತ್ತಿತ್ತು.

"ಬಚ್ಚಿಡಾಕೆ ಸಣ್ದು ಬೇಕು, ಇಡ್ಕೊಳ್ಳಾಕೆ ದೊಡ್ದು ಬೇಕು. ಬರೀ ಬಚ್ಚಿಡಾಕೆ ತಗೋತೀಯೇನ್ಲಾ? ಭಯ ಬಿದ್ದಾಗ ಕೈ ಬೆವರ್ತದೆ. ಆಗ ಇದು ಸೋಪಿನಂಗೆ ಜಾರ್ತದೆ. ಮಧ್ಯದ್ದು ತಗೋ."

ಬೆಂಗಳೂರಿನ ಅಂಗಡಿಯಲ್ಲಿ ಇನ್ನೊಂದು ರಾಮಾಯಣ. ಮಧ್ಯದ ಅಳತೆಯ ಒಂದೇ ಥರದ ಐದು ಪಿಸ್ತೂಲುಗಳನ್ನು ಸಾಲಾಗಿ ಇಡಿಸಿಕೊಂಡು ಪ್ರತಿಯೊಂದರ ಮೇಲೂ ಆ ಹೆಬ್ಬೆರಳು ಆಡಿಸಿದರು. ಅದರಲ್ಲೂ ಬೆರಳಿಟ್ಟು ಎಳೆಯುವ ಕುದುರೆಯನ್ನು ತಡೆದು ನಿಲ್ಲಿಸುವ ಸೇಫ್ಟಿಯನ್ನು ಮೇಲೆ ಕೆಳಗೆ, ಮೇಲೆ ಕೆಳಗೆ. ಮಧ್ಯಾಹ್ನವಾಯಿತು. ಅಂಗಡಿಯವನಿಗೂ ಸಾಕಾಗಿ, "ಹೆಣ್ಣು ನೋಡೋಕೆ ಬಂದಿದ್ದೀರಾ ತಾತ?" ಎಂದ.

"ಎಣ್ಣಾದ್ರೆ ಅವಳೇ ಬ್ಯಾಡ ಅಂದಾಳು. ಇದ್ಕೆ ಬಾಯಿಲ್ಲ, ಅದ್ಕೇ ನಾನು ಕೇಳ್ತಿವ್ನಿ," ಎಂದು ನಾಲ್ಕನೆಯದನ್ನು ಎತ್ತಿಕೊಟ್ಟರು. ನಾನು ನಾಚಿಕೆಯಿಂದ ಬಾಗಿಲಾಚೆ ನಿಂತಿದ್ದೆ. ವಾಪಸು ಬರುವ ರೈಲಿನಲ್ಲಿ ಮುಖ ಊದಿಸಿಕೊಂಡು ಕಿಟಕಿಯ ಕಡೆಗೆ ತಿರುಗಿ ಕೂತೆ. ಅವರು ನನ್ನ ಪಾಲಿನ ಕಡಲೆಕಾಯಿಯನ್ನೂ ಬಿಡಿಸಿ ತಿಂದರು.

ಪ್ರತಿವರ್ಷ ಆಯುಧಪೂಜೆಗೆ ಮುಂಚೆ ಪಿಸ್ತೂಲನ್ನು ಅವರ ಹತ್ತಿರ ಬಿಚ್ಚಿಸಿ ಶುಚಿ ಮಾಡಿಸುತ್ತಿದ್ದೆ. ಪ್ರತಿವರ್ಷ ಅದೇ ಪಲ್ಲವಿ. "ಗುಂಡು ತೆಗ್ದು ಬೇರೆ ತಟ್ಟೇಲಿಡು. ಎಣ್ಣೆ ಕುಂಕುಮ ಇದ್ರ ಮೈಗೆ ಸೋಕಿಸ್ಬ್ಯಾಡ. ಇಡ್ಲೇಬೇಕಂದ್ರೆ ಪೆಟ್ಟಿಗೆಗಿಡು. ದೇವ್ರಿಗೆ ಅಷ್ಟು ಗೊತ್ತಾಗ್ತದೆ." ಹೂಂ ಎನ್ನುತ್ತಿದ್ದೆ. ಐದಾರು ವರ್ಷ ಹಾಗೆಯೇ ನಡೆದುಕೊಂಡೆ ಕೂಡ.

ಕೊನೆಯ ವರ್ಷ ನನಗೆ ಏನು ಬಡಿದಿತ್ತೋ. ಕ್ವಾರಿಯಲ್ಲಿ ಒಂದರ ಮೇಲೊಂದು ತೊಂದರೆ. ಪೂಜೆ ಸರಿಯಾಗಿ ನಡೆಯುತ್ತಿಲ್ಲ ಎಂದು ಯಾರೋ ಹೇಳಿದರು. ಯೋಚಿಸಿದೆ. ಖಾಲಿ ಕೊಡವಿಟ್ಟು ಯಾರಾದರೂ ಕಳಶ ಪೂಜೆ ಮಾಡುತ್ತಾರೆಯೇ? ಗುಂಡಿಲ್ಲದ ಪಿಸ್ತೂಲು ಆಯುಧ ಹೇಗಾದೀತು? ಗುಂಡು ತುಂಬಿದೆ, ಒಂದನ್ನು ನಳಿಗೆಗೂ ಏರಿಸಿದೆ. ಹೊಳೆಯಲೆಂದು ಹರಳೆಣ್ಣೆ ಸವರಿದೆ. ಸೇಫ್ಟಿಯ ಮೇಲೆಯೇ ಮೂರು ಬೆರಳಲ್ಲಿ ಕುಂಕುಮ ಬಳಿದು ಹೂವಿಟ್ಟೆ.

ವಿಜಯದಶಮಿಯ ಬೆಳಿಗ್ಗೆ ಎತ್ತಿಕೊಂಡರೆ ಎಣ್ಣೆ ಕುಂಕುಮ ಮೆತ್ತಿಕೊಂಡು ಸೇಫ್ಟಿ ಅರ್ಧಕ್ಕೆ ನಿಂತಿತ್ತು. ಒತ್ತಿದೆ, ಅಲುಗಲಿಲ್ಲ. ಇನ್ನೊಂದು ಬೆರಳು ಕುದುರೆಯ ಮೇಲಿರುವುದನ್ನು ನೋಡದೆ ಇನ್ನಷ್ಟು ಬಲ ಹಾಕಿದೆ. ಗುಂಡು ಸಿಡಿದು ಗೋಡೆಗೆ ಹೊಡೆಯಿತು. ಗಾರೆಯ ಚಕ್ಕೆ ಹಾರಿ ಹೆಂಡತಿಯ ಮೊಣಕಾಲಿನ ಕೆಳಗೆ ಸೀಳಿತು. ಅವಳು ರಕ್ತವನ್ನು ಸೆರಗಿನಿಂದ ಒತ್ತಿಕೊಂಡು ನೆಲಕ್ಕೆ ಕೂತಳು. "ಮೇಸ್ತ್ರಿ ಅಷ್ಟು ಬಡ್ಕೊಂಡ್ರಲ್ರೀ," ಎಂದಳು.

ಅಕ್ಕಪಕ್ಕದವರು ಪೊಲೀಸರಿಗೆ ಫೋನ್ ಮಾಡಿದ್ದರು. ಜೀಪು ಬರುವುದರೊಳಗೆ ಸೀಮೆಎಣ್ಣೆ ಬಟ್ಟೆಯಿಂದ ಕುಂಕುಮವನ್ನೆಲ್ಲ ಒರೆಸಿಬಿಟ್ಟೆ. ಲೈಸೆನ್ಸ್ ಹೋಗುತ್ತದೆ, ಕೇಸಾಗುತ್ತದೆ ಎಂಬ ಭಯ. "ರಿಪೇರಿಗೆ ಕೊಟ್ಟು ತಂದ ಮೇಲೆ ಸೇಫ್ಟಿ ನಿಲ್ಲುತ್ತಿರಲಿಲ್ಲ. ಮುಟ್ಟಿದೊಡನೆ ಹಾರಿತು," ಎಂದು ಬರೆದು ಸಹಿ ಹಾಕಿದೆ. ನನಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಮೇಸ್ತ್ರಿಯ ರಿಪೇರಿ ಲೈಸೆನ್ಸನ್ನು ತಡೆಹಿಡಿದು ಅಂಗಡಿಗೆ ಬೀಗ ಹಾಕಿಸಿದರು.

ಎರಡು ವಾರ ಬಿಟ್ಟು ಮೇಸ್ತ್ರಿ ಮನೆಗೆ ಬಂದರು. ಜಗಲಿಯ ಮೇಲೆ ಕೂತರು, ಕಾಫಿ ಬೇಡವೆಂದರು.

"ಎಣ್ಣೆ ಆಕಿದ್ಯಾ?"

"ಇಲ್ಲ ಮೇಸ್ತ್ರಿ."

"ಕುಂಕುಮ?"

"ಇಲ್ಲ."

ಬಾಗಿಲಲ್ಲಿ ಕಾಲಿಗೆ ಬ್ಯಾಂಡೇಜು ಕಟ್ಟಿಕೊಂಡು ನಿಂತಿದ್ದ ನನ್ನ ಹೆಂಡತಿ ಒಳಗೆ ಹೋದಳು. ಮೇಸ್ತ್ರಿ ಅವಳು ಹೋದ ಕಡೆಯೇ ನೋಡಿದರು.

"ನಂಗೆ ಅನ್ನದ ಯೋಚ್ನೆ ಇಲ್ಲ ಕಣಪ್ಪಾ. ಗಣೀಲಿ ಅಷ್ಟು ವರ್ಷ, ಇಲ್ಲಿ ಇಷ್ಟು ವರ್ಷ, ನನ್ ಕೈಯಿಂದ ಓದ ಬಂದೂಕು ಒಂದೂ ತಾನಾಗಿ ಸಿಡ್ದಿಲ್ಲ. ಈಗ ರೈತ್ರು ನನ್ನ ಕಂಡ್ರೆ ಕೋವೀನ ಇಂದಕ್ಕೆ ಇಡ್ಕೋತಾರೆ. ಒಂದು ಕಾಗ್ದ ಬರ್ಕೊಡು. ತಪ್ಪು ರಿಪೇರೀದಲ್ಲ ಅಂತ. ನಿಂದು ಅಂತ ಬರೀಬ್ಯಾಡ, ರಿಪೇರೀದಲ್ಲ ಅಂತ ಬರಿ, ಸಾಕು."

"ನಾಳೆ ನೋಡ್ತೀನಿ ಮೇಸ್ತ್ರಿ."

ಆಗ ನನಗೆ ಬಂದದ್ದು ಪಶ್ಚಾತ್ತಾಪವಲ್ಲ, ಸಿಡುಕು. ಈ ಮುದುಕನಿಗೆ ಎಷ್ಟು ಹಟ, ಈ ವಯಸ್ಸಿನಲ್ಲಿ ಅಂಗಡಿ ಯಾಕೆ ಬೇಕು ಎಂದು ರೇಗಿಕೊಂಡೆ. ಮತ್ತೆ ಬಂದರು. ಮತ್ತೆ ನಾಳೆ ಎಂದೆ. ಮೂರನೆಯ ಸಲ ಗೇಟಿನ ಸದ್ದು ಕೇಳಿ, ಮನೆಯಲ್ಲಿಲ್ಲ ಎಂದು ಹೇಳು ಅಂತ ಹೆಂಡತಿಗೆ ಹೇಳಿದೆ. "ನೀವೇ ಓಗಿ ಏಳ್ಕೊಳ್ಳಿ," ಎಂದಳು. ಅರವತ್ತಾರು ವರ್ಷದ ನಾನು ಹಿತ್ತಲ ಬಾಗಿಲಿನಿಂದ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊರಬಿದ್ದೆ. ಆಮೇಲೆ ಅವರು ಬರಲಿಲ್ಲ.

ಯುಗಾದಿಗೆ ಮುಂಚೆ ಹೋಗಿಬಿಟ್ಟರು. ಎದೆನೋವಂತೆ. ಕೆಜಿಎಫ್‌ನಲ್ಲಿ ಗಣಿ ಕೆಲಸಗಾರರ ಸಾಲಿನಲ್ಲಿದ್ದ ಅವರ ಲೈನ್ ಮನೆಯ ಮುಂದೆ ಜನ ಸೇರಿದ್ದರು. ನಾನು ಹಾರ ತೆಗೆದುಕೊಂಡು ಹೋಗಿದ್ದೆ. ಅವರ ಹೆಂಡತಿ ನನ್ನನ್ನು ನೋಡಿ ಎದ್ದು ಬಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ. ಸತ್ತವರ ಕೆಲಸ ಒಂದು ಬಾಕಿಯಿದೆ ಎಂಬಂತೆ ಕೈ ಚಾಚಿ ಕೇಳಿದರು: "ಅವ್ರು ಕೇಳಿದ್ ಕಾಗ್ದ ತಂದ್ರಾ ಅಣ್ಣಾ?"

ನಾನು ಆ ಕೈಗೆ ಹಾರ ಕೊಟ್ಟೆ.

ಪಿಸ್ತೂಲನ್ನು ಆ ತಿಂಗಳೇ ಸರ್ಕಾರಕ್ಕೆ ಒಪ್ಪಿಸಿದೆ. ಅದೇನೂ ದೊಡ್ಡ ಕೆಲಸವಲ್ಲ. ಕಾಗದ ಬರೆಯುವುದೇ ಆಗಲಿಲ್ಲ. ಈಗ ಬರೆಯುತ್ತಿದ್ದೇನೆ. ಒಂದು ಪ್ರತಿ ಠಾಣೆಗೆ, ಒಂದು ಪ್ರತಿ ಆ ಲೈನ್ ಮನೆಗೆ. ಗುಂಡು ತುಂಬಿದವನು ನಾನು. ಎಣ್ಣೆ ಸವರಿ, ಕುಂಕುಮ ಬಳಿದು, ಆಮೇಲೆ ಒರೆಸಿದವನು ನಾನು. ರಿಪೇರಿಯಲ್ಲಿ ಯಾವ ತಪ್ಪೂ ಇರಲಿಲ್ಲ. ಮೂರು ಸಲ ಮನೆ ಬಾಗಿಲಿಗೆ ಬಂದ ಬಂದೂಕು ಮೇಸ್ತ್ರಿಯನ್ನು ಕಾಗದ ಕೊಡದೆ, ಕ್ಷಮೆ ಕೇಳದೆ ಕಳಿಸಿದವನೂ ನಾನು.