ಸೊಸೆಗೆ ಹಾಸಿದ ಜಮಖಾನ

ಕುದುರೆಯೊಂದು ಊರೊಳಗೆ ಕಾಲಿಟ್ಟರೆ ನಾಡಿನ ಹಣೆಬರಹವೇ ಬದಲಾಗುತ್ತದೆಂದು ಹಿಂದಿನ ರಾಜಮಹಾರಾಜರು ನಂಬಿದ್ದರಂತೆ. ನಮ್ಮ ರಾಚೆಸ್ಟರ್ ಹಿಲ್ಸಿನಲ್ಲಿ ಬದಲಾದದ್ದು ಒಂದು ಜಮಖಾನದ ಹಣೆಬರಹ ಮಾತ್ರ.

ಆ ಜಮಖಾನದ ಒಡತಿಯ ಬಲಗೈ ಗ್ಲೌಸಿಗೆ ಉಂಗುರದ ಬೆರಳಿರಲಿಲ್ಲ. ಅವರೇ ಕತ್ತರಿ ಹಿಡಿದು ನೀಟಾಗಿ ತೆಗೆದಿದ್ದರು. ಮಿಷಿಗನ್ನಿನ ಚಳಿಗೆ ಉಳಿದ ಬೆರಳುಗಳು ಉಣ್ಣೆಯೊಳಗೆ ಅಡಗಿದ್ದರೂ ಅದೊಂದು ತುದಿಗೆ ಕುಂಕುಮದ ಕೆಂಪು ಹೊತ್ತು ಹೊರಗೇ ಕರ್ತವ್ಯನಿರತವಾಗಿರುತ್ತಿತ್ತು. ಯಾರ ಹಣೆಗೆ ಯಾವಾಗ ಕುಂಕುಮ ಇಡಬೇಕಾಗುತ್ತದೋ, ಹೇಳಲು ಬರುವುದಿಲ್ಲವಲ್ಲ.

ಎಲ್ಲರಿಗೂ ಅವರು ಆಂಟಿ. ಧಾರವಾಡದ ಕಡೆಯವರು. ಆಬರ್ನ್ ಹಿಲ್ಸಿನಲ್ಲಿ ಕಾರುಗಳ ಬ್ರೇಕು ಪರೀಕ್ಷಿಸುವ ಎಂಜಿನಿಯರಾಗಿ ನಿವೃತ್ತರಾಗಿದ್ದರು. ಮಂಜುಗಡ್ಡೆಯ ಮೇಲೆ ಗಾಡಿ ಜಾರದಂತೆ ನೋಡಿಕೊಳ್ಳುವುದೇ ಅವರ ಕಸುಬಾಗಿತ್ತು ಎಂಬುದನ್ನು ಓದುಗರು ದಯವಿಟ್ಟು ನೆನಪಿನಲ್ಲಿಡತಕ್ಕದ್ದು.

ಹೊಸದು ಏನೇ ಬರಲಿ, ಆರತಿ ಆಗದೆ ಒಳಗೆ ಬರುವಂತಿರಲಿಲ್ಲ. ನಮ್ಮ ಬಡಾವಣೆಯ ಕಾರುಗಳು, ಹಿಮ ತೂರುವ ಸ್ನೋ ಬ್ಲೋವರುಗಳು ಎಲ್ಲವೂ ಅವರ ಕೈಯಿಂದ ಕೆಂಪಾರತಿ ಎತ್ತಿಸಿಕೊಂಡವು. ಅವರ ಮನೆಗೆ ವಾಟರ್ ಹೀಟರ್ ತಂದ ಪ್ಲಂಬರ್ ಹಣೆಯ ಮೇಲೆ ಕುಂಕುಮ ಹೊತ್ತೇ ಮುಂದಿನ ಮನೆಗೆ ಹೋದ. ಕೇಳಿದರೆ, "ಬರೇ ಬಾಗಲಾ ತಗದ್ರ ಆತೇನು? ಬಾ ಅಂತ ಅನಬೇಕಲ್ಲ," ಎನ್ನುತ್ತಿದ್ದರು. ನಾವು ಶಿಕಾಗೊ ಬಳಿಯ ಶಾಮ್‌ಬರ್ಗ್ ಬಿಟ್ಟು ಇಲ್ಲಿಗೆ ಬಂದಿಳಿದ ದಿನ ಪರಿಚಯವೇ ಇಲ್ಲದ ನಮ್ಮನ್ನು ಬಾಗಿಲಲ್ಲೇ ತಡೆದು ಆರತಿ ಎತ್ತಿ "ಬಾ" ಅಂದವರು ಅವರೊಬ್ಬರೇ.

ಆ ಸ್ಥಳಾಂತರ ನನ್ನ ಕೆಲಸಕ್ಕಾಗಿ ಆದದ್ದು. ಹೈಸ್ಕೂಲಿನಲ್ಲಿದ್ದ ಮಗಳು ಅಲ್ಲಿ ಒಂದು ಕಂದು ಬಣ್ಣದ ಹೆಣ್ಣು ಕುದುರೆಯನ್ನು ಬಿಟ್ಟು ಬಂದಿದ್ದಳು. ವಾರಾಂತ್ಯಗಳಲ್ಲಿ ಲಾಯಕ್ಕೆ ಹೋಗಿ ಅದರ ಮೈ ಉಜ್ಜಿ ಲದ್ದಿ ಎತ್ತುವುದೇ ಅವಳ ಸಂತೋಷವಾಗಿತ್ತು. ಇಲ್ಲಿಗೆ ಬಂದಮೇಲೆ ನಾನು ಏನು ಕೇಳಿದರೂ ಅವಳ ಉತ್ತರ ಒಂದೇ: "ಫೈನ್." ಊಟ ಫೈನ್, ಶಾಲೆ ಫೈನ್, ಅಪ್ಪನೂ ಬಹುಶಃ ಫೈನ್. ಚಳಿಗಾಲ ಶುರುವಾದಾಗ, ಆ ಲಾಯ ಮುಚ್ಚುತ್ತಿದೆ, ಕುದುರೆಯನ್ನು ಯಾರು ಬೇಕಾದರೂ ಕೊಂಡೊಯ್ಯಬಹುದು ಎಂಬ ಸುದ್ದಿ ಬಂತು. ಅವಳು ಅದನ್ನು ಹೇಳಿದ್ದು ಆಂಟಿಗೆ, ನನಗಲ್ಲ.

ಊರಂಚಿನಲ್ಲಿದ್ದ ಆಂಟಿಯ ಮನೆಯ ಹಿಂದೆ ಒಂದಷ್ಟು ಎಕರೆ ಬಯಲಿತ್ತು, ಹಳೆಯ ಮಾಲೀಕ ಬಿಟ್ಟುಹೋದ ಲಾಯವೂ ಇತ್ತು. ಅದರಲ್ಲಿ ಕನ್ನಡ ಕೂಟದ ರಾಜ್ಯೋತ್ಸವದ ರಟ್ಟಿನ ಸಿಂಹಾಸನ ವಾಸವಾಗಿತ್ತು. "ಸಿಂಹಾಸನಾ ಗ್ಯಾರೇಜಿನಾಗ ಇಡೋಣು. ಕುದುರಿ ತರಸು," ಎಂದು ಅಪ್ಪಣೆಯಾಯಿತು.

"ಆಂಟಿ, ಕುದುರೆ ಅಂದ್ರೆ ನಾಯಿಮರಿ ಅಲ್ಲ."

"ನಿನ್ನ ಮಗಳೂ ನಾಯಿಮರಿ ಅಲ್ಲೋ ತಮ್ಮಾ. ಆಕಿ ನಿನ್ನ ಕೂಡ ನೆಟ್ಟಗ ಮಾತಾಡಿ ಎಷ್ಟ ದಿನಾ ಆತು, ಅದನ್ನ ಹೇಳು."

ಕುದುರೆ ತರಿಸಿದೆ.

ಜನವರಿಯ ಆ ಮಧ್ಯಾಹ್ನ ಚಳಿ ಸೊನ್ನೆ ಫ್ಯಾರನ್‌ಹೀಟಿಗಿಂತ ಕೆಳಗಿಳಿದಿತ್ತು. ಟ್ರೇಲರ್ ಬಂದು ಲಾಯದ ಮುಂದಿನ ಕಾಂಕ್ರೀಟಿನ ಮೇಲೆ ನಿಂತು ಹಿಂದಿನ ಹಲಗೆ ಇಳಿಸಿತು. ಆಂಟಿ ಸೀರೆಯ ಮೇಲೆ ಟೊಪ್ಪಿಗೆಯ ದಪ್ಪ ಪಾರ್ಕಾ ಕೋಟು, ಕಾಲಿಗೆ ಗಂಡನ ಹಿಮದ ಬೂಟು ಧರಿಸಿ ತಟ್ಟೆ ಹಿಡಿದು ಸಿದ್ಧರಾಗಿದ್ದರು. ಅವರ ಇಬ್ಬರು ಗಂಡುಮಕ್ಕಳು ಮದುವೆಯ ಮಾತೆತ್ತಿದರೆ ಫೋನ್ ಇಟ್ಟುಬಿಡುವವರು. ಹೀಗಾಗಿ ಮನೆಗೆ ಬಂದ ಮೊದಲ ಸೊಸೆ ಇದೇ ಎಂದು ಅವರೇ ಘೋಷಿಸಿದ್ದರು. ಆರತಿ ಎತ್ತಿದರು. ಕೆಂಪು ನೀರನ್ನು, ಜೀವಮಾನವಿಡೀ ಮಾಡಿದಂತೆಯೇ, ಸೊಸೆ ಇಳಿಯಬೇಕಾದ ಜಾಗದಲ್ಲಿ ಚೆಲ್ಲಿದರು.

ಬ್ರೇಕು ಪರೀಕ್ಷಿಸಿದ ಎಂಜಿನಿಯರ್ ನೋಡನೋಡುತ್ತಿದ್ದಂತೆ ಅದು ಕೆಂಪು ಗಾಜಾಯಿತು.

ಕುದುರೆ ಮುಂಗಾಲು ಇಟ್ಟಿತು. ಗೊರಸು ಸರ್ರನೆ ಜಾರಿತು. ಬೆಚ್ಚಿ ಹಿಂದಕ್ಕೆ ನೆಗೆದು ಟ್ರೇಲರಿನ ಗೋಡೆಗೆ ಒದ್ದಿತು. ಹಗ್ಗ ಹಿಡಿದಿದ್ದ ಮಗಳು ಬೆಳ್ಳಗಾದಳು. "ಕಾಲು ಮುರಿದರೆ ಮತ್ತೆ ಎಬ್ಬಿಸೋದಕ್ಕಾಗಲ್ಲ," ಎಂದು ಟ್ರೇಲರಿನವನು ಇಂಗ್ಲಿಷಿನಲ್ಲಿ ಗೊಣಗಿ, ನೆಲದ ಮೇಲಿನ ಆ ಕೆಂಪು ಏನೆಂದು ನನ್ನನ್ನು ಕೇಳಿದ. ಸ್ವಾಗತ ಎಂದೆ. ದಾರಿಯುದ್ದಕ್ಕೂ ಗಾಬರಿಯಿಂದ ಬೆವತಿದ್ದ ಕುದುರೆ ಈಗ ನಡುಗತೊಡಗಿತ್ತು. "ಡ್ಯಾಡ್, ಶೀ ಕಾಂಟ್ ಸ್ಟೇ ಇನ್ ದೇರ್!" ಎಂದು ಮಗಳು ಕೂಗಿದಳು.

ಆಂಟಿ ಒಂದು ಕ್ಷಣ ಆ ಗಾಜನ್ನೇ ನೋಡಿದರು. ಆಮೇಲೆ, "ವ್ಯಾನಿನಾಗಿಂದ ಜಮಖಾನಾ ತಾ," ಎಂದರು.

ನವಿಲುಗಳ ನೇಯ್ಗೆಯ ಆ ನವಲಗುಂದದ ಜಮಖಾನ ಅವರ ತಾಯಿ ಮದುವೆಯಲ್ಲಿ ಕೊಟ್ಟದ್ದು. ಈ ಊರಿನ ಪ್ರತಿ ಸತ್ಯನಾರಾಯಣ ಪೂಜೆಗೂ ಅದೇ ಹಾಸು, ಹೀಗಾಗಿ ಸದಾ ಅವರ ವ್ಯಾನಿನಲ್ಲೇ ಅದರ ವಾಸ. ಅದರ ಹತ್ತಿರ ಕಾಫಿ ಲೋಟ ಹಿಡಿದು ಸುಳಿದ ಡಾಕ್ಟರರೊಬ್ಬರನ್ನು ಅವರು ಎಲ್ಲರೆದುರು ಗದರಿ ಕಳಿಸಿದ್ದರು.

"ಅದನ್ನಾ? ಬೇಡಿ ಆಂಟಿ, ಹಳೇ ಕಂಬಳಿ ಏನಾದ್ರೂ..."

"ನಿನ್ನ ಕಂಬಳಿ ಹುಡುಕೋತ ಕುಂತ್ರ ಕುದುರಿ ಹೋಗ್ತದ. ತಾ!"

ಅವರೇ ಹಾಸಿದರು. ಮೇಲೆ ಒಂದು ಕೆಟಲ್ ಬಿಸಿನೀರು ಸುರಿದು, "ಈಗ ಹೆಪ್ಪುಗಟ್ಟಿ ನೆಲಕ್ಕ ಕಚ್ಚತದ, ಸರಿಯೂದಿಲ್ಲ," ಎಂದರು. ಅದರ ಮೇಲೆ ಲಾಯದ ಮರದ ಹೊಟ್ಟು ಹರಡಿಸಿದರು. ಬೂಟಿನಿಂದ ಒದ್ದು ನೋಡಿದರು. ಜಮಖಾನ ಅಲುಗಲಿಲ್ಲ. ಬರಿಬೆರಳಿನ ಗ್ಲೌಸಿನಲ್ಲಿ ಬೆಲ್ಲದ ಚೂರು ಹಿಡಿದು ಎದುರು ನಿಂತು, "ಬಾರವ್ವಾ ಸೊಸಿ," ಎಂದು ಕರೆದರು. ಮಗಳಿಗೆ, "ಬಲಗಾಲು ಮೊದಲ ಇಡಸ್ ಅವ್ವಿ!" ಎಂದು ಸೂಚನೆ.

ಕುದುರೆ ಮೂಸಿತು. ಬಹಳ ಹೊತ್ತು ಯೋಚಿಸಿತು. ಎಡಗಾಲಿಟ್ಟು, ಒಂದೊಂದೇ ಹೆಜ್ಜೆಯಾಗಿ ನವಲಗುಂದದ ನವಿಲುಗಳ ಮೇಲೆ ನಡೆದು ಲಾಯ ಹೊಕ್ಕಿತು.

"ಇರಲಿ," ಎಂದರು ಆಂಟಿ. "ಇಲ್ಲೆ ಸ್ಟೀರಿಂಗೂ ಎಡಕ್ಕ ಅದ."

ಒಳಗೆ ನಾನು ಹೆದರುತ್ತಲೇ ಬೆಲ್ಲ ಚಾಚಿದೆ. "ಫ್ಲಾಟ್ ಪಾಮ್, ಡ್ಯಾಡ್! ಫ್ಲಾಟ್!" ಎಂದು ಮಗಳು ನನ್ನ ಬೆರಳುಗಳನ್ನು ಬಿಡಿಸಿ ಅಂಗೈ ಚಪ್ಪಟೆ ಮಾಡಿಸಿದಳು. ಆಮೇಲೆ ಕುದುರೆಯ ಹಲ್ಲು, ಗೊರಸು, ಗುಣಸ್ವಭಾವ ಎಲ್ಲದರ ಬಗ್ಗೆ ಮನೆ ಮುಟ್ಟುವವರೆಗೂ ಉಪದೇಶ ಮಾಡಿದಳು. ನಾನು ಎದುರಾಡದೆ ಕೇಳಿಸಿಕೊಂಡೆ. ನನ್ನ ಮಗಳನ್ನು ನನಗೆ ಹಾಗೆ ಹಿಂದಕ್ಕೆ ಕರೆತಂದುಕೊಟ್ಟವರಿಗೆ ಧನ್ಯವಾದ ಹೇಳಲು ಮರುದಿನ ಹೋದಾಗ ಆಂಟಿ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಜಮಖಾನ ಹಿಮದಡಿ ಹೂತುಹೋಗಿತ್ತು. "ನಮ್ಮವ್ವ ಇದ್ದಿದ್ರ ಬೈತಿದ್ಲು," ಎಂದು ಕಣ್ಣೊರೆಸಿಕೊಂಡು, "ಬೈದು, ಆಮ್ಯಾಲೆ ತಾನಽ ಹಾಸತಿದ್ಲು," ಎಂದರು.

ಹಿಮ ಕರಗಿದ ಮೇಲೆ ಅದನ್ನು ನೆಲದಿಂದ ಬಿಡಿಸಿದೆವು. ಲಾಳ ಊರಿದ ಕಡೆಯೆಲ್ಲ ಹರಿದಿತ್ತು. ಆಂಟಿ ಹೊಲಿಯಲು ಬಿಡಲಿಲ್ಲ. ಪೂಜೆಗೆ ಬಂದವರಿಗೆಲ್ಲ, "ಇಲ್ಲೆ ಕೂಡಬ್ಯಾಡ್ರಿ, ಇದು ನಮ್ಮ ಸೊಸಿ ಹೆಜ್ಜಿ," ಎಂದು ತೋರಿಸುತ್ತಿದ್ದರು.

ಹೋದ ಶರತ್ಕಾಲದಲ್ಲಿ ಅವರು ತೀರಿಕೊಂಡರು. ಕುದುರೆ ಈಗಲೂ ಅದೇ ಲಾಯದಲ್ಲಿದೆ. ಈ ಜನವರಿಯಲ್ಲಿ ಮಗಳು ತನ್ನ ಮೊದಲ ಕಾರು ಕೊಂಡಳು. ನಾವು ಯಾರೂ ಹೇಳದಿದ್ದರೂ ಡ್ರೈವ್‌ವೇಯಲ್ಲಿ ನಿಂತು ಅದಕ್ಕೆ ಆರತಿ ಎತ್ತಿದಳು. ಕೆಂಪು ನೀರನ್ನು ಮಾತ್ರ ಒಳಗೆ ತಂದು ಸಿಂಕಿಗೆ ಸುರಿದಳು.